ಕೊಟ್ರಮ್ಮನ ರಟ್ಟೆಗೆ ಎರಡು ಬೆರಳು ಬಟ್ಟೆ

“ನಾನು ಹುಟ್ಟಿದ ಊರಿಂದ ಶುರು ಮಾಡಬ್ಯಾಡ ರಂಗಣ್ಣ. ಓದಾವ್ರು ಕುರುಗೋಡಿನ ಗುಡ್ಡ ನೋಡ್ಕೊಂತ ಅಲ್ಲೇ ಕುಂತುಬಿಡ್ತಾರ. ಸೀದಾ ರಟ್ಟಿಗೆ ಬಾ.”

ಹೀಗೆ ಅಂದವಳು ಕೊಟ್ರಮ್ಮ. (ಎದುರಿಗೆ ‘ಅಕ್ಕಾರೆ’ ಅನ್ನುತ್ತೇನೆ. ‘ಅಂದವಳು’ ಎಂದು ಬರೆಯುವ ಧೈರ್ಯ ಹಾಳೆಯ ಮೇಲೆ ಮಾತ್ರ.) ನಾನು ಬರೆದಿದ್ದ ಮೊದಲ ಸಾಲು ಬೇರೆಯೇ ಇತ್ತು. ಅದರಲ್ಲಿ ಸೂರ್ಯ ಇದ್ದ, ಗುಡ್ಡ ಇತ್ತು, ಒಂದು ಹಕ್ಕಿಯೂ ಇತ್ತು. ಓದಿ ಹೇಳಿದೆ. ಅವಳು ಕತ್ತರಿ ಕೈಯಲ್ಲಿ ಹಿಡಿದೇ ಕೇಳಿದಳು: “ಹಕ್ಕಿ ಯಾಕ?” ಆ ಸಾಲಿಗೆ ಅಡ್ಡಗೆರೆ ಎಳೆದೆ. ಹಕ್ಕಿ ಹಾರಿಹೋಯಿತು. ಆದ್ದರಿಂದ ಓದುಗರೇ, ಕಥೆಯನ್ನು ಹೇಗೆ ಶುರು ಮಾಡಬೇಕೆಂದು ನನ್ನನ್ನು ಕೇಳಬೇಡಿ, ನಾಯಕಿಯನ್ನು ಕೇಳಿ.

ಸೀದಾ ರಟ್ಟೆಗೆ ಬರುತ್ತೇನೆ.

೧

ಇದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಬಳ್ಳಾರಿ. ಬ್ರೂಸ್‌ಪೇಟೆಯ ಒಂದು ಸಂದಿ. ಸಂದಿಯ ಈ ಕಡೆ ನನ್ನ ಗುಂಡಿ, ದಾರ, ಹುಕ್ಕುಗಳ ಅಂಗಡಿ. ಆ ಕಡೆ ಕೊಟ್ರಮ್ಮನ ಜಂಪರು ಹೊಲಿಯುವ ಅಂಗಡಿ. ನನ್ನ ದಾರ ಅವಳ ಸೂಜಿಗೆ ಹೋಗುತ್ತದೆ, ಅವಳ ಮಾತು ನನ್ನ ಕಥೆಗೆ ಬರುತ್ತದೆ. ಈ ವ್ಯಾಪಾರದಲ್ಲಿ ಲಾಭ ನನ್ನದೇ.

ಕೊಟ್ರಮ್ಮ ಮೊದಲು ದುಂಡಗೆ ಇದ್ದಳು. ಮಷೀನಿನ ಮುಂದೆ ಕೂತರೆ ಮಷೀನೇ ಕಾಣುತ್ತಿರಲಿಲ್ಲ. ಆಮೇಲೆ ಕೊರಳಲ್ಲಿ ಗಡ್ಡೆ ಎದ್ದಿತು. ಉಂಡದ್ದೆಲ್ಲ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದ ಹಾಗೆ ಮೈ ಕರಗಿತು. ಎದೆ ಡವಗುಟ್ಟುತ್ತಿತ್ತು, ಕೈ ನಡುಗಿ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಆ ವರ್ಷ ನಾವೆಲ್ಲ ಅವಳ ಬಗ್ಗೆ ಮೆಲ್ಲಗೆ ಮಾತಾಡುತ್ತಿದ್ದೆವು. ಔಷಧಿ ಹಿಡಿಯಿತು. ಗಡ್ಡೆ ಇಳಿಯಿತು, ಎದೆ ತಣ್ಣಗಾಯಿತು, ಅವಳು ಮಷೀನಿಗೆ ಮರಳಿ ಬಂದಳು. ಆದರೆ ದುಂಡು ಮೈಗೆಂದು ಹಿಗ್ಗಿದ್ದ ಚರ್ಮ ಎರಡೂ ರಟ್ಟೆಗಳ ಕೆಳಗೆ ಜೋತುಬಿದ್ದು ಉಳಿಯಿತು.

ಅಂದಿನಿಂದ ಮೊಣಕೈ ಮುಚ್ಚುವ ಉದ್ದ ತೋಳಿನ ಜಂಪರು. ಬಳ್ಳಾರಿಯ ಬೇಸಿಗೆಯಲ್ಲಿ!

ಅಷ್ಟೇ ಅಲ್ಲ. ತವರಿಗೆ ಹೋಗಬೇಕೆಂದು ಒಮ್ಮೆ ರಸ್ತೆಗೆ ನಿಂತಿದ್ದಳು. ಕುರುಗೋಡಿನ ಬಸ್ಸು ಬಂತು. ಕೈ ಪೂರಾ ಎತ್ತಿದರೆ ರಟ್ಟೆ ಜೋಲಾಡುವುದು ಕಾಣುತ್ತದೆಂದು ಮೊಣಕೈಯನ್ನು ಮೈಗೆ ಅಂಟಿಸಿಕೊಂಡು ಅಂಗೈಯಷ್ಟೇ ಆಡಿಸಿದಳು. ನೊಣ ಓಡಿಸುತ್ತಿದ್ದಾಳೆ ಎಂದುಕೊಂಡನೋ ಏನೋ, ಡ್ರೈವರು ನಿಲ್ಲಿಸಲಿಲ್ಲ. ಬಿಸಿಲಲ್ಲಿ ನಡೆದು ವಾಪಸು ಬಂದು ಚೀಲ ಮೂಲೆಗೆ ಎಸೆದಳು.

ಆ ಸಂಜೆಯೇ ಹಸಿರು ಬಟ್ಟೆ ಕತ್ತರಿಸಿ ಒಂದು ಜಂಪರು ಹೊಲಿದಳು. ಅದಕ್ಕೆ ತೋಳೇ ಇಲ್ಲ. ಸತ್ಯನಾರಾಯಣಪೇಟೆಯ ಕಾಲೇಜು ಹುಡುಗಿಯರಿಗೆ ಅವಳು ದಿನಾ ಹೊಲಿದು ಕೊಡುತ್ತಿದ್ದ ಸ್ಲೀವ್‌ಲೆಸ್ಸು. ಮೊಳೆಗೆ ನೇತುಹಾಕಿ ನನ್ನ ಕಡೆ ತಿರುಗಿ ಹೇಳಿದಳು:

“ಇದನ್ನ ನಾ ಹಾಕ್ಕೊಂತೀನಿ. ಹಾಕ್ಕೊಂಡು ಕೈ ಎತ್ತಿ ಬಸ್ ನಿಲ್ಲಸ್ತೀನಿ. ಬರೆದಿಟ್ಕೊ.”

ಬರೆದಿಟ್ಟುಕೊಂಡೆ. ಈ ಕಥೆಯ ಬಂಡವಾಳ ಇಷ್ಟೇ.

೨

(ಇಲ್ಲಿ ಒಂದು ಡ್ರಾಫ್ಟು ಇತ್ತು. ಕೊಟ್ರಮ್ಮ ಕನ್ನಡಿಯ ಮುಂದೆ ನಿಂತು ಕಣ್ಣೀರು ಹಾಕುತ್ತಾಳೆ. ಅದನ್ನು ಅವಳೇ ಹರಿದು, ಆ ಹಾಳೆಯಲ್ಲಿ ನನ್ನ ಗಿರಾಕಿಯೊಬ್ಬರಿಗೆ ಗುಂಡಿ ಕಟ್ಟಿಕೊಟ್ಟಳು.)

“ಅಕ್ಕಾರೆ, ಕಥಿಗೆ ಒಂದು ಕಾರಣ ಬೇಕ್ರಿ,” ಎಂದೆ. “ನಿಮಗ ರಟ್ಟಿ ಯಾಕ ಸರಿ ಆಗಬೇಕು?”

“ನೀ ಮೀಸಿ ಬಿಟ್ಟಿಯಲ್ಲ, ಯಾರಿಗರ ಕಾರಣ ಕೊಟ್ಟಿಯೇನು?”

“ಅದು ಹಂಗಲ್ಲರಿ...”

“ಹಂಗಲ್ಲ ಅಂದ್ರ ಹೆಂಗ?”

ಸೋತೆ. ಆಗ, ಯಾರೂ ಕೇಳದಿದ್ದಾಗ, ಜಂಪರಿನ ಕಚ್ಚಾ ದಾರ ಕೀಳುತ್ತ ತಾನಾಗಿ ಹೇಳಿದಳು:

“ಜಡ್ಡು ಹೋತು ರಂಗಣ್ಣ. ಅದು ತಂದಿದ್ದ ಚೀಲ ಮಾತ್ರ ನನ್ನ ಮೈಮ್ಯಾಲೆ ನೇತಾಕಿ ಹೋಗೈತಿ. ಕೈ ಎತ್ತಿದಾಗೆಲ್ಲ ‘ನಾ ಬಂದಿದ್ದೆ ನೋಡು’ ಅಂತೈತಿ.”

ಓದುಗರೇ, ನಾನು ಪೆನ್ನು ಕೆಳಗಿಟ್ಟೆ. ಇಷ್ಟು ಚೆನ್ನಾಗಿ ಹೇಳುವವರ ಮುಂದೆ ಕಥೆಗಾರನಿಗೆ ಏನು ಕೆಲಸ? ಗುಂಡಿ ಮಾರಬೇಕು.

೨, ಇನ್ನೊಂದು ಸಲ

(ಮೂರಕ್ಕೆ ಹೋಗುವ ಮೊದಲು ಒಂದು ಸುದ್ದಿ ಬಂತು. ಸುದ್ದಿ ಅಂಕಿ ನೋಡಿಕೊಂಡು ಬರುವುದಿಲ್ಲ.)

ತಂದವಳು ಪಕ್ಕೀರಮ್ಮ. ಸಿರಿಗೇರಿಯವಳು, ಕೊಟ್ರಮ್ಮನ ಅಂಗಡಿಯಲ್ಲಿ ಕಾಜಾ ಮಾಡುತ್ತಾಳೆ, ಹುಕ್ಕು ಹಚ್ಚುತ್ತಾಳೆ. ಸುದ್ದಿ ಹೇಳುವಾಗ ಮಾತ್ರ ಎದ್ದು ನಿಲ್ಲುತ್ತಾಳೆ.

“ಅಕ್ಕಾ! ನಮ್ಮೂರ ಸುಂಕಲಮ್ಮ ಸ್ಟವ್ ಹತ್ತಿ ಸುಟ್ಕೊಂಡಿದ್ಲಲ್ಲ, ಕೊಳ್ಳು ಎದಿಗೆ ಅಂಟಿ ತಲಿ ಎತ್ತಾಕ ಬರತಿದ್ದಿಲ್ಲ! ಇವತ್ತು ತಲಿ ಎತ್ತಿ ಆಕಾಶ ನೋಡ್ಕೊಂತ ನಡದಾಳ! ಬೊಂಬಾಯಾಗ ಓದಿ ಬಂದ ಡಾಕ್ಟ್ರಂತ, ಇಲ್ಲೇ ಸತ್ಯನಾರಾಯಣಪೇಟ್ಯಾಗ ಅದಾರ. ತೊಡಿ ಚರ್ಮ ತಗದು ಕೊಳ್ಳಿಗೆ ಹಚ್ಯಾರ!”

“ಹಚ್ಯಾರ ಅಂದ್ರ?”

“ತ್ಯಾಪಿ ಹಾಕ್ದಂಗ ಅಕ್ಕಾ! ಹೊಲದಾರ!”

ಕೊಟ್ರಮ್ಮನ ಕಾಲು ಮಷೀನಿನ ಮೇಲೆ ನಿಂತಿತು. ನಾನು ಸಂದಿ ದಾಟಿ ಆಗಲೇ ಅವರ ಬಾಗಿಲಲ್ಲಿದ್ದೆ.

“ಚರ್ಮ ಹೊಲಿಯೋ ಸಿಂಪಿಗ!” ಅಂದಳು ಕೊಟ್ರಮ್ಮ. ಅವಳ ಮುಖ ನೀವು ನೋಡಬೇಕಿತ್ತು. ಅಂಗಡಿಗೆ ಹೊಸ ಮಷೀನು ಬಂದಾಗಲೂ ಅಷ್ಟು ಬೆಳಗಿರಲಿಲ್ಲ. “ನಡಿ ಪಕ್ಕೀರಿ. ಅಂವ ನಮ್ಮ ಕಸುಬಿನಾಂವ.”

೩

ಪ್ರತಿ ಕಥೆಗೂ ಅಡ್ಡ ಬರುವವನೊಬ್ಬ ಬೇಕು. ಗಂಡ ಇದ್ದಾನಲ್ಲ! ದೊಡ್ಡಬಸಪ್ಪ, ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಕೆಲಸ, ವಾರಕ್ಕೊಮ್ಮೆ ಬಳ್ಳಾರಿಗೆ ಬರುತ್ತಾನೆ. ಭಾರೀ ಉಮೇದಿನಿಂದ ಬರೆದೆ: ‘ದೊಡ್ಡಬಸಪ್ಪ ಬಾಗಿಲು ಒದ್ದು ಒಳನುಗ್ಗಿದ. ಮನೆಯ ಮಾನ ಕಳೆಯುತ್ತೀಯಾ ಎಂದು ಗರ್ಜಿಸಿದ.’

ಓದಿ ಹೇಳಿದ್ದು ನನ್ನ ತಪ್ಪು.

“ಯಪ್ಪಾ ರಂಗಣ್ಣ,” ಎಂದ ದೊಡ್ಡಬಸಪ್ಪ, ಚಹಾದ ಬಸಿ ಕೆಳಗಿಟ್ಟು. “ನನ್ನ ಯಾಕ ಕೆಟ್ಟಾಂವನ್ನ ಮಾಡಾಕತ್ತಿ? ಬಾಗಿಲಾ ಬ್ಯಾರೆ ಒದಿಸೀದಿ. ಹಳೇ ಬಾಗಿಲದು, ಕಿತ್ತು ಬಿದ್ರ ಯಾರು ಕೂಡಸ್ತಾರ?”

“ಮತ್ತ ನೀವು ಒಪ್ಪೀರೇನು?”

“ಒಪ್ಪಿಲ್ಲ. ಬಾಗಿಲಾ ಒದ್ದೂ ಇಲ್ಲ.” ಬಸಿ ಮತ್ತೆ ಎತ್ತಿ ಚಹಾ ಮುಗಿಸಿದ. “ಆಕಿ ಕೊಳ್ಳಾಗ ಗಡ್ಡಿ ಆದಾಗ, ವಾಪಸ್ ಬರ್ತಾಳೋ ಇಲ್ಲೋ ಅಂತ ಮಿಲ್ಲಿನಾಗ ಅಕ್ಕಿ ಮೂಟಿ ಮ್ಯಾಲೆ ಕುಂತು ಅತ್ತೀನಿ. ಈಗ ಗಟ್ಟಿ ಅದಾಳ. ಗಟ್ಟಿ ಇದ್ದಾಕಿನ್ನ ಯಾಕ ಕೊಯ್ಯಬೇಕು?”

ಒಳಗಿನಿಂದ ಕೊಟ್ರಮ್ಮ ಕೇಳಿದಳು: “ರೀ, ನೀವು ನನ್ನ ರಟ್ಟಿ ಯಾವಾಗರ ನೋಡೀರೇನು?”

“ರಟ್ಟಿ ಯಾರು ನೋಡ್ತಾರ? ನಾ ಮಾರಿ ನೋಡ್ತೀನಿ.”

ಒಳಗೆ ಮಷೀನಿನ ಸದ್ದು ತಪ್ಪಿತು, ಮತ್ತೆ ಶುರುವಾಯಿತು. ಹೀಗೆ ನನ್ನ ಖಳನಾಯಕ ಕೈತಪ್ಪಿ ಹೋದ. ಅವನ ಬದಲಿಗೆ ಒಂದು ನಿಜವಾದ ಹೆದರಿಕೆ ಬಂದು ಕೂತಿತು. ಅದನ್ನು ಹರಿದು ಗುಂಡಿ ಕಟ್ಟಲು ಆಗುವುದಿಲ್ಲ.

೪

ಸತ್ಯನಾರಾಯಣಪೇಟೆಯ ನರ್ಸಿಂಗ್ ಹೋಮಿಗೆ ನಾವು ಮೂವರು ಹೋದೆವು: ಕೊಟ್ರಮ್ಮ, ಪಕ್ಕೀರಮ್ಮ, ನಾನು. (‘ನೀ ಯಾಕ?’ ಎಂದು ಕೊಟ್ರಮ್ಮ ಕೇಳಿದಳು. ‘ಕಥೆಗಾರ’ ಎಂದೆ. ‘ಹಂಗಾರ ಚೀಲ ಹಿಡಿ’ ಎಂದಳು.)

ಡಾಕ್ಟರ್ ಗವಿಸಿದ್ದಪ್ಪ ತೆಳ್ಳಗಿನ ಮನುಷ್ಯ, ನಗುವ ಕಣ್ಣು. ಕೊಟ್ರಮ್ಮನಿಗೆ ಎರಡೂ ಕೈ ಚಾಚಲು ಹೇಳಿ, ರಟ್ಟೆಯ ಕೆಳಗಿನ ಚರ್ಮವನ್ನು ಬೆರಳುಗಳ ನಡುವೆ ಹಿಡಿದು ನೋಡಿದರು. ನೇರಳೆ ಮಸಿಯಲ್ಲಿ ಗೆರೆ ಎಳೆದರು. ಸುಣ್ಣದ ಬಿಲ್ಲೆಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆಯುವ ಕೊಟ್ರಮ್ಮ ಉಸಿರು ಬಿಗಿಹಿಡಿದು ನೋಡಿದಳು.

“ಬಗಲಿಂದ ಮೊಣಕೈ ತನಕ ಕೊಯ್ದು, ಹೆಚ್ಚಿನ ಚರ್ಮ ತಗದು, ಒಳಮಗ್ಗಲಿಗೆ ಹೊಲಿಗಿ ಹಾಕ್ತೀನ್ರಿ,” ಎಂದರು ಡಾಕ್ಟರು.

“ಎಷ್ಟು ತಗೀತೀರಿ?”

“ಹೆಚ್ಚಿಗಿ ಇದ್ದದ್ದೆಲ್ಲಾ.”

“ಎಲ್ಲಾ ಬ್ಯಾಡ್ರಿ ಡಾಕ್ಟರ್ರೇ. ಒಳಗ ಎರಡು ಬೆರಳು ಮಡಚಿ ಬಿಡ್ರಿ. ನಾಳೆ ಮೈ ಬಂದ್ರ ಬಿಚ್ಚಾಕ ಬರಬೇಕಲ್ಲ?”

ಡಾಕ್ಟರು ನಕ್ಕರು. ಕೊಟ್ರಮ್ಮ ನಗಲಿಲ್ಲ. ಡಾಕ್ಟರು ನಗು ನಿಲ್ಲಿಸಿದರು.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ಕೊಟ್ರಮ್ಮ ತನ್ನ ಜನ್ಮದಲ್ಲಿ ಒಳಗೆ ಬಟ್ಟೆ ಬಿಡದೆ ಒಂದೇ ಒಂದು ಜಂಪರು ಹೊಲಿದವಳಲ್ಲ. ಎರಡೂ ಪಕ್ಕದ ಹೊಲಿಗೆಯೊಳಗೆ ಎರಡೆರಡು ಬೆರಳು ಮಡಚಿರಬೇಕು. ಮದುವೆಯ ಜಂಪರಿಗಂತೂ ಇನ್ನೂ ಜಾಸ್ತಿ. ಹೆಣ್ಣು ಗಂಡನ ಮನೆಯಲ್ಲಿ ಉಂಡು ತುಂಬಿಕೊಳ್ಳಬೇಕು, ಬಸುರಾಗಬೇಕು, ಬಂದು ‘ಅಕ್ಕಾ, ಬಿಚ್ಚಿಕೊಡು’ ಎನ್ನಬೇಕು. ಒಳಗೆ ಬಟ್ಟೆ ಬಿಡದ ಸಿಂಪಿಗಿತ್ತಿ ‘ನೀನು ಸುಖ ಕಾಣಲಾರೆ’ ಎಂದು ಶಾಪ ಹಾಕಿದ ಹಾಗೆ. ಇದು ಅವಳ ಶಾಸ್ತ್ರ.

“ಕೊಟ್ರಮ್ಮಾರೇ, ಮಡಚಿ ಒಳಗಿಟ್ಟ ಚರ್ಮ ಕೊಳೀತೈತ್ರಿ,” ಎಂದರು ಡಾಕ್ಟರು, ಮೆಲ್ಲಗೆ. “ತಗದದ್ದು ಹೋದಂಗೇ. ಬಿಚ್ಚಾಕ ಬರಂಗಿಲ್ಲ.”

“ಮತ್ತ ಮೈ ಬಂದ್ರ?”

“ಚರ್ಮ ತಾನೇ ಹಿಗ್ಗತೈತಿ. ಆ ವಿದ್ಯಾ ಬಟ್ಟಿಗೆ ಬರಂಗಿಲ್ಲ ನೋಡ್ರಿ.”

ಕೊಟ್ರಮ್ಮ ತನ್ನ ರಟ್ಟೆಯ ಚರ್ಮವನ್ನು ಒಮ್ಮೆ ಎಳೆದು ಬಿಟ್ಟು ನೋಡಿದಳು. ಆಮೇಲೆ ಇನ್ನೊಂದು ಪ್ರಶ್ನೆ. “ಹೊಲಿಗಿ ಹೊರಗ ಕಾಣತೈತೇನ್ರಿ?”

“ಕಾಣತೈತಿ. ಕೈ ಕೆಳಗಿದ್ರ ಕಾಣಲ್ಲ, ಎತ್ತಿದ್ರ ಕಾಣತೈತಿ. ಮೊದಲು ಕೆಂಪಗಿರ್ತೈತಿ. ವರ್ಷ ಕಳದಂಗ ಮಾಸಬಹುದು. ಮಾಸದನೂ ಇರಬಹುದು. ನಾ ಸುಳ್ಳು ಹೇಳಂಗಿಲ್ಲ.”

ಪಕ್ಕೀರಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಒಳಗೆ ಬಟ್ಟೆ ಇಲ್ಲ, ಹೊರಗೆ ಹೊಲಿಗೆ ಕಾಣುತ್ತದೆ. ಇಂಥ ಜಂಪರನ್ನು ಕೊಟ್ರಮ್ಮ ಗಿರಾಕಿಗೆ ಕೊಡುವುದಿರಲಿ, ಒಲೆಗೆ ಹಾಕುತ್ತಿದ್ದಳು.

“ಇನ್ನೊಂದು ಹೇಳ್ತೀನಿ,” ಎಂದರು ಡಾಕ್ಟರು. “ಸುಟ್ಟ ಗಾಯ ಭಾಳ ಮಾಡೀನಿ. ಈ ರಟ್ಟಿ ಆಪರೇಶನ್ನು ಬೊಂಬಾಯಾಗ ನಮ್ಮ ಗುರುಗಳ ಮಗ್ಗಲಿಗೆ ನಿಂತು ಮಾಡೀನಿ. ನಾನೊಬ್ಬನೇ ಮಾಡೋದು ಇದೇ ಮೊದಲು.”

“ನನ್ನ ಮೊದಲನೇ ಜಂಪರಿಗೆ,” ಎಂದಳು ಕೊಟ್ರಮ್ಮ, “ಎರಡೂ ಎಡಗೈ ತೋಳೇ ಹಚ್ಚಿದ್ದೆ ಡಾಕ್ಟರ್ರೇ.”

ಡಾಕ್ಟರು ಕುರ್ಚಿ ಅಲ್ಲಾಡುವ ಹಾಗೆ ನಕ್ಕರು. ಹೊರಗಿನಿಂದ ನರ್ಸು ಇಣುಕಿದಳು. ಆದರೆ ಹೊರಗೆ ಬಂದ ಮೇಲೆ ಕೊಟ್ರಮ್ಮ ನಮ್ಮಿಬ್ಬರನ್ನೂ ಬಿಟ್ಟು ಮುಂದೆ ಹೋದಳು. ನೇರಳೆ ಗೆರೆಗಳ ಮೇಲೆ ಉದ್ದ ತೋಳು ಎಳೆದುಕೊಂಡು ನಡೆದಳು.

೫

ಇಂಥ ಹೊತ್ತಿಗೇ ಕಥೆಗಾರ ಬೇಕಾಗುವುದು! ಮೂರು ಮುಕ್ತಾಯ ಬರೆದುಕೊಂಡು ಸಂದಿ ದಾಟಿದೆ.

ಅ. ಕೊಟ್ರಮ್ಮನಿಗೆ ಜ್ಞಾನೋದಯ. ದೇಹ ನಶ್ವರ. ಹಸಿರು ಜಂಪರನ್ನು ಬಡ ಹುಡುಗಿಗೆ ಕೊಡುತ್ತಾಳೆ.

ಆ. ಅದೇ ರಟ್ಟೆಯಲ್ಲಿ ಹಸಿರು ಜಂಪರು ಹಾಕಿಕೊಂಡು ಹೆಮ್ಮೆಯಿಂದ ನಡೆಯುತ್ತಾಳೆ. ಬ್ರೂಸ್‌ಪೇಟೆ ಚಪ್ಪಾಳೆ ತಟ್ಟುತ್ತದೆ.

ಇ. ಆಪರೇಶನ್ ಟೇಬಲ್ಲಿನ ಮೇಲೆ... (ಇದನ್ನು ಪೂರ್ತಿ ಓದಲು ನನಗೇ ಆಗಲಿಲ್ಲ.)

ಕೊಟ್ರಮ್ಮ ಮೂರನ್ನೂ ಕೇಳಿದಳು. ಕೇಳಿ, ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಅದು ಬೈಗುಳಕ್ಕೆ ಜಾಗ ಮಾಡುವ ರೀತಿ.

“ಮೊದಲನೇದ್ರಾಗ ಜಂಪರ ಯಾವ ಹುಡುಗಿಗೆ ಕೊಟ್ಟಿ? ಆಕಿ ಅಳತಿ ಏನು? ನನ್ನ ಅಳತಿ ಜಂಪರ ಆಕಿ ಮೈಮ್ಯಾಲೆ ಗೋಣಿಚೀಲ ಆಗತೈತಿ. ಎರಡನೇದ್ರಾಗ ಬ್ರೂಸ್‌ಪೇಟಿ ಚಪ್ಪಾಳಿ ತಟ್ಟತೈತಂತ! ಯಾವಾಗ ತಟ್ಟೈತೋ ಅದು? ಮೂರನೇದ್ರಾಗ ನನ್ನ ಕೊಂದೇ ಬಿಟ್ಟಿ. ಎದುರು ಅಂಗಡಿಯಾಂವ, ನಾಳೆ ನನ್ನ ಮಾರಿ ಹೆಂಗ ನೋಡ್ತಿದ್ದಿ?”

“ಅಕ್ಕಾರೆ, ನೀವೇ ಹೆದರೀರಿ ಅಂತ...”

“ಹೆದರೀನಿ! ಯಾರು ಇಲ್ಲಂದ್ರು? ಹೆದರಿದಾಕಿಗೆ ಧೈರ್ಯ ಕೊಡ್ತಾರೋ, ಉಪದೇಶ ಕೊಡ್ತಾರೋ? ಹೆಂಗಸು ಏನಾರ ಬೇಕು ಅಂದ್ರ ಸಾಕು, ನೀವು ಬರಿಯಾವ್ರು ಆಕಿಗೆ ಬುದ್ಧಿ ಕೊಡ್ತೀರಿ. ಬುದ್ಧಿ ನನಗ ಐತೋ ಯಪ್ಪಾ. ರಟ್ಟಿ ಕೊಡು!”

ಪಕ್ಕೀರಮ್ಮ ಅಲ್ಲೇ ಕೂತು ಚಪ್ಪಾಳೆ ತಟ್ಟಿದಳು. (ಮುಕ್ತಾಯ ‘ಆ’ ಸ್ವಲ್ಪ ಮಟ್ಟಿಗೆ ನಿಜವಾಯಿತು ಎಂದು ದಾಖಲಿಸುತ್ತೇನೆ.)

೬

ಆಗ ಪಕ್ಕೀರಮ್ಮನಿಗೇ ಹೊಳೆದದ್ದು.

“ಅಕ್ಕಾ, ಹೊಸಾ ಅಳತಿ ಜಂಪರಿಗೆ ನಾವು ಏನು ಮಾಡ್ತೀವಿ? ಸೀದಾ ಮಷೀನಿಗೆ ಕೊಡ್ತೀವೇನು?”

“ಕಚ್ಚಾ ಹೊಲಿಗಿ ಹಾಕಿ, ಹಾಕ್ಕೊಂಡು ನೋಡಾಕ ಹೇಳ್ತೀವಿ.”

“ಮತ್ತ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಂಗಡಿಯ ಹಿಂದೆ ಗಿರಾಕಿಗಳು ಜಂಪರು ಹಾಕಿ ನೋಡಲು ಪರದೆ ಕಟ್ಟಿದ ಮೂಲೆ ಇದೆ, ಒಳಗೊಂದು ನಿಲುವುಗನ್ನಡಿ. ಕೊಟ್ರಮ್ಮ ಮೊಳೆಯಿಂದ ಹಸಿರು ಜಂಪರು ಕಿತ್ತುಕೊಂಡು ಒಳಗೆ ನುಗ್ಗಿದಳು. ಹಿಂದೆಯೇ ಪಕ್ಕೀರಮ್ಮ. ಪರದೆ ಬಿತ್ತು.

ನಾನು ಹೊರಗೆ. ಆದ್ದರಿಂದ ಇಲ್ಲಿಂದ ಮುಂದೆ ಬರೀ ಮಾತು.

“ಹಿಂದ ನಿಂದ್ರು. ಎರಡೂ ಕೈಲೆ ಜೋತ ಚರ್ಮ ಹಿಡಿ. ನೇರಳೆ ಗೆರಿ ಗೆರಿಗೆ ಕೂಡಸು.”

“ಹಿಡದೆ ಅಕ್ಕಾ.”

“ಚಿವುಟಬ್ಯಾಡ್ಲೇ!”

“ಕಚ್ಚಾ ಹೊಲಿಗಿ ಬಿಗಿ ಬೇಕಲ್ಲ ಅಕ್ಕಾ!”

“ಬಲಗೈ ಮುಗೀತು. ಎಡಗೈದನ್ನ ಯಾರು ಹಿಡೀಬೇಕು?”

“ಹಲ್ಲಿಲೆ ಹಿಡೀಲಾ?”

ನಗು. ಪರದೆ ಅಲ್ಲಾಡಿತು. ಪಕ್ಕೀರಮ್ಮ ಅದು ಹೇಗೋ ಎರಡನ್ನೂ ಹಿಡಿದಿರಬೇಕು, ಯಾಕೆಂದರೆ ಇದ್ದಕ್ಕಿದ್ದಂತೆ ನಗು ನಿಂತಿತು. ಒಬ್ಬ ಗಿರಾಕಿ ಬಂದು ನಿಂತಳು. ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ, ಪಾಪ, ಏಕೆಂದು ತಿಳಿಯದೆ ಅವಳೂ ಸುಮ್ಮನೆ ನಿಂತಳು.

“ಅಬಬಬಾ,” ಎಂದಳು ಪಕ್ಕೀರಮ್ಮ, ಒಳಗೆ.

“ಸುಮ್ಕಿರು.” ಕೊಟ್ರಮ್ಮನ ದನಿ ಬೇರೆಯಾಗಿತ್ತು. “ಸ್ವಲ್ಪ ಹೊತ್ತು ಬಿಡಬ್ಯಾಡ. ನೋಡ್ತೀನಿ.”

ಆ ಸ್ವಲ್ಪ ಹೊತ್ತು ನಾನೂ ಏನೂ ಬರೆಯುವುದಿಲ್ಲ.

“ಬಿಡು ಇನ್ನ,” ಎಂದಳು ಕೊನೆಗೆ. “ಹೊಲಿಗಿ ಕಂಡ್ರ ಕಾಣಲಿ. ಹೊಲಿಗಿ ನಾ ಬೇಕಂತ ಹಾಕಿಸ್ಕೊಳ್ಳೋದು. ಜಡ್ಡು ಹೇಳದ ಕೇಳದ ನೇತಾಕಿ ಹೋಗಿದ್ದಕ್ಕಿಂತ ಅದು ಚಲೋ.”

೭

ಆಪರೇಶನ್ನಿನ ಬೆಳಿಗ್ಗೆ, ‘ಒಪ್ಪಿಲ್ಲ’ ಅಂದಿದ್ದ ದೊಡ್ಡಬಸಪ್ಪ ಸಿರುಗುಪ್ಪದ ಮೊದಲ ಬಸ್ಸಿಗೇ ಬಂದಿದ್ದ. ಬರುವಾಗ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದಿದ್ದ. ಹೆಂಡತಿ ಏನೂ ತಿನ್ನುವಂತಿಲ್ಲ ಎಂದು ನರ್ಸು ಹೇಳಿದ ಮೇಲೆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ನಮಗೂ ಕೊಡಲಿಲ್ಲ, ತಾನೂ ತಿನ್ನಲಿಲ್ಲ.

ಕೊಟ್ರಮ್ಮ ಒಳಗೆ ಹೋಗುವಾಗ ಅವನ ಮುಂದೆ ನಿಂತಳು.

“ರೀ, ಒಂದು ಸಲ ರಟ್ಟಿ ನೋಡ್ರಿ. ಆಮ್ಯಾಲೆ ಇರಂಗಿಲ್ಲ ಇವು.”

ದೊಡ್ಡಬಸಪ್ಪ ನೋಡಿದ. ಎಷ್ಟೋ ವರ್ಷದ ಬಾಕಿಯನ್ನು ಒಂದೇ ಸಲ ತೀರಿಸುವವನಂತೆ ನೋಡಿದ.

“ಲಗೂ ಬಾ,” ಎಂದ. “ಮಿರ್ಚಿ ಆರ್ತಾವ.”

ಬಾಗಿಲು ಮುಚ್ಚಿತು. ಕಥೆಗಾರ ಎಲ್ಲಿ ಬೇಕಾದರೂ ಹೋಗಬಹುದು ಎಂದು ಹೇಳುತ್ತಾರೆ. ನರ್ಸು ಬಿಡಲಿಲ್ಲ. ಒಳಗೆ ಏನಾಯಿತೆಂದು ನಾನು ಹೇಳಲಾರೆ. ಹೊರಗೆ ಪಕ್ಕೀರಮ್ಮ ಯಾವುದೋ ಜಂಪರಿಗೆ ಹುಕ್ಕು ಹಚ್ಚುತ್ತ, ಹಚ್ಚಿದ್ದನ್ನೇ ಬಿಚ್ಚುತ್ತ ಕೂತಿದ್ದಳು. ಬಿಸಿಲು ಗೋಡೆಯಿಂದ ಬೆಂಚಿಗೆ ಇಳಿದಾಗ ಡಾಕ್ಟರು ಹೊರಗೆ ಬಂದರು. ಬೆವರಿದ್ದರು. ನಮ್ಮನ್ನು ನೋಡಿ ಎರಡೂ ಕೈ ಮುಂದೆ ಚಾಚಿ ಹೇಳಿದರು:

“ಒಂದು ಎಡಾ, ಒಂದು ಬಲಾ. ಬರೋಬ್ಬರಿ ಅದಾವ್ರಿ!”

ದೊಡ್ಡಬಸಪ್ಪ ಎದ್ದ ರಭಸಕ್ಕೆ ಮಿರ್ಚಿ ನೆಲಕ್ಕೆ ಬಿದ್ದವು.

೮ (ಎರಡು ೨ ಎಣಿಸಿದರೆ ೯)

ಆಮೇಲಿನದನ್ನು ಓಡಿಸುತ್ತೇನೆ. ಎರಡೂ ರಟ್ಟೆಗೆ ಬ್ಯಾಂಡೇಜು, ಕೈ ಮೇಲೆತ್ತುವಂತಿಲ್ಲ. ಪಕ್ಕೀರಮ್ಮ ತಲೆ ಬಾಚಿದಳು, ಮಷೀನು ತುಳಿದಳು, ಬೈಸಿಕೊಂಡಳು. ದೊಡ್ಡಬಸಪ್ಪ ಸಿರುಗುಪ್ಪದಿಂದ ಸಣ್ಣಕ್ಕಿ ತಂದು ತಾನೇ ಅನ್ನ ಮಾಡಿ ಹಾಕಿದ. ಕೆಲಸವಿಲ್ಲದೆ ಕೂತು ಉಂಡ ಕೊಟ್ರಮ್ಮನ ಕೆನ್ನೆ ತುಂಬಿಕೊಂಡಿತು. ಹೊಲಿಗೆ ಬಿಚ್ಚಿದ ದಿನ ಗೆರೆ ನೋಡಿ, “ಹೊಲಿಗಿ ಟಾಕಿ ಸ್ವಲ್ಪ ದೂರ ದೂರ ಬಿದ್ದಾವ. ಇರಲಿ, ನಿಮ್ಮ ಕೈಗೆ ಇದು ಮೊದಲನೇದು.” ಎಂದು ಡಾಕ್ಟರನ್ನು ಮನ್ನಿಸಿದಳು. ಎಡರಟ್ಟೆಯ ಗೆರೆ ಒಂದು ಕಡೆ ಗಂಟುಗಂಟಾಯಿತು, ತುರಿಸಿತು. ಅದಕ್ಕೂ ಬೈದಳು.

ದಸರಾ ಕಳೆದ ಮೇಲೆ ಡಾಕ್ಟರು ಕೈ ಎತ್ತಲು ಅಪ್ಪಣೆ ಕೊಟ್ಟರು. ಮರುದಿನವೇ ಹಸಿರು ಜಂಪರು, ಚೀಲ, ಪಕ್ಕೀರಮ್ಮ. ಕುರುಗೋಡಿಗೆ ಹೊರಟರು. ಮುಕ್ತಾಯ ಬೇಕಾದ ನಾನೂ ಅಂಗಡಿ ಬಾಗಿಲು ಹಾಕಿ ರಸ್ತೆಯವರೆಗೆ ಹಿಂದೆ ಹೋದೆ.

“ಅಕ್ಕಾ, ಜಂಪರ ಬಿಗಿ ಕಾಣತೈತಿ,” ಎಂದಳು ಪಕ್ಕೀರಮ್ಮ. “ಮೈ ಬಂದೈತಿ ನಿನಗ.”

“ಬರಲಿ. ಇದ್ರಾಗ ಒಳಗ ಬಟ್ಟಿ ಐತಿ.”

“ಅಕ್ಕಾರೆ,” ಎಂದೆ ನಾನು. “ಕಥಿ ಎಲ್ಲಿ ಮುಗಸಲಿ? ಗೆರಿ ಮಾಸಿತು ಅಂತ ಬರೀಲಾ? ಮಾಸಲಿಲ್ಲ ಅಂತ ಬರೀಲಾ?”

“ನನಗೇ ಗೊತ್ತಿಲ್ಲ, ನಿನಗೆಂಗ ಗೊತ್ತು?” ಅವಳು ರಸ್ತೆಯ ತುದಿಯನ್ನೇ ನೋಡುತ್ತಿದ್ದಳು. “ಮುಗಸಬ್ಯಾಡ. ಚರ್ಮಕ್ಕ ಆಗಲಿಲ್ಲ, ಕಥಿಗರ ಆಗತೈತಲ್ಲ? ಒಳಗ ಎರಡು ಬೆರಳು ಮಡಚಿ ಬಿಡು. ಯಾರಿಗರ ಬೇಕಾದ್ರ ಬಿಚ್ಕೊಳ್ಳಲಿ.”

ತಿರುವು ದಾಟಿ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಕೊಟ್ರಮ್ಮ ಚೀಲವನ್ನು ನನ್ನ ಕೈಗೆ ತುರುಕಿ ಮುಂದೆ ಹೋದಳು. ಬಲಗೈ ಮೇಲೆ ಹೋಯಿತು. ಕಿವಿ ದಾಟಿತು, ನೆತ್ತಿ ದಾಟಿತು, ಪೂರಾ ನೆಟ್ಟಗಾಯಿತು. ಬಗಲಿಂದ ಮೊಣಕೈವರೆಗಿನ ಕೆಂಪು ಗೆರೆ ಬಿಸಿಲಿಗೆ ಹೊಳೆಯಿತು. ‘ಪರ್’ ಎಂದು ಸದ್ದಾಯಿತು. ಹಸಿರು ಜಂಪರಿನ ಬಗಲ ಹೊಲಿಗೆ ಬಿಚ್ಚಿತ್ತು. ರಟ್ಟೆಯ ಹೊಲಿಗೆ ಹಾಗೇ ಇತ್ತು. ಕೊಟ್ರಮ್ಮ ಕೈ ಇಳಿಸಲಿಲ್ಲ. ಡ್ರೈವರು ಬ್ರೇಕು ತುಳಿದ, ಬಸ್ಸು ಅವಳ ಮುಂದೆಯೇ ನಿಂತಿತು. ನನ್ನ ಕೈಯಿಂದ ಚೀಲ ಕಸಿದುಕೊಂಡು, ಸೆರಗಿನ ತುದಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತಡಕಾಡುತ್ತ ಪಕ್ಕೀರಮ್ಮ ಮೊದಲು ಹತ್ತಿದಳು.